ಸಂತ ಬೆಸಿಲರನ್ನು ಓದುವುದು ಹೇಗೆ? ಕಪಾಟಿನಿಂದ ಶುರು ಮಾಡಿ

ಬೆಸಿಲ್ ಅಂದರೆ ನಾಲ್ಕನೇ ಶತಮಾನದ ಕ್ರೈಸ್ತ ಬಿಷಪ್. ಅವರನ್ನು ಓದಲು ದಪ್ಪ ಪುಸ್ತಕ ಬೇಡ, ಜೊತೆಗೆ ಕೂತು ಓದುವ ನಾಲ್ಕೈದು ಜನ ಸಾಕು. ಕಾರವಾರದಲ್ಲಾದರೆ ಜೂನ್, ಜುಲೈ ಒಳ್ಳೆಯದು. ಮೀನುಗಾರಿಕೆ ನಿಷೇಧದ 61 ದಿನ ಬೋಟುಗಳು ಬೈತಖೋಲ ಬಂದರಿನಲ್ಲೇ ಕಟ್ಟಿ ನಿಂತಿರುತ್ತವೆ, ಕೂರಲು ಪುರುಸೊತ್ತು ಇರುತ್ತದೆ, ಕೈಯಲ್ಲಿ ದುಡ್ಡು ಮಾತ್ರ ಇರುವುದಿಲ್ಲ.

ಮೊದಲು ಬೈಬಲ್ಲಿನ ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿರುವ ಕಣಜದ ಸಾಹುಕಾರನ ಕಥೆ, ಅಂದರೆ ಬೆಳೆ ಹೆಚ್ಚಾಯ್ತು ಅಂತ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟವನ ಕಥೆ, ಜೋರಾಗಿ ಓದಿ. ಆಮೇಲೆ ಅದರ ಮೇಲೆ ಬೆಸಿಲ್ ಮಾಡಿದ ಪ್ರವಚನ. ತಿರುಳು ಇಷ್ಟೇ: ನೀನು ಬಚ್ಚಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿರುವ ಬಟ್ಟೆ ಬಟ್ಟೆಯಿಲ್ಲದವನದು, ಕೊಳೆಯುತ್ತಿರುವ ಚಪ್ಪಲಿ ಬರಿಗಾಲಿನವನದು. ಅಂದರೆ ಇದು ದಾನ ಅಲ್ಲ, ವಾಪಸ್ ಕೊಡುವುದು. ಇಲ್ಲಿ ಅವಸರ ಮಾಡಬೇಡಿ, ಜಗಳ ಆದರೂ ಆಗಲಿ.

ಮನೆಗೆ ಹೋಗಿ ಕಪಾಟು ತೆಗೆಯಿರಿ. ನನಗೆ ಮೂರು ಕೊಡೆ, ಬೂಷ್ಟು ಹಿಡಿದ ಎರಡು ಜೊತೆ ಚಪ್ಪಲಿ ಸಿಕ್ಕವು. ನಾಚಿಕೆ ಆಯ್ತು, ಸುಳ್ಳೇಕೆ.

ಕಪಾಟಿಗೇ ನಿಲ್ಲಬೇಡಿ. 369ರ ಸುಮಾರಿಗೆ, ಈಗಿನ ಟರ್ಕಿಯಲ್ಲಿರುವ ಸಿಸೇರಿಯಾದಲ್ಲಿ ಬರ ಬಿದ್ದಾಗ, ಬೆಸಿಲ್ ದಾಸ್ತಾನು ಇಟ್ಟು ಬೆಲೆ ಏರಲಿ ಅಂತ ಕಾಯುತ್ತಿದ್ದವರನ್ನು ಬೈದರು, ಹಸಿದವರಿಗೆ ಊಟ ಹಾಕಿಸಿದರು, ಮುಂದೆ ಊರಾಚೆ ಬಡವರಿಗೂ ರೋಗಿಗಳಿಗೂ ಆಶ್ರಯ ಕಟ್ಟಿಸಿದರು. ನೀವೂ ಕೇಳಿಕೊಳ್ಳಿ: ಬೋಟು ನಿಂತಾಗ ಖಲಾಸಿಗಳ ಮನೆ ಹೇಗೆ ನಡೆಯುತ್ತದೆ? ಗೊತ್ತಿಲ್ಲ ಅಲ್ವಾ? ಅವರನ್ನೇ ಕರೆಯಿರಿ, ಚಹಾ ಕೊಡಿ, ಸುಮ್ನೆ ಕೂತು ಕೇಳಿ.