ಅರಿಶಿನದ ಕಲೆಗೆ ಬಿಸಿಲೇ ಮದ್ದು

ಬಿಳಿ ಪಂಚೆ, ಅಂಗಿ ಮೇಲೆ ಸಾರು ಚೆಲ್ಲಿ ಅರಿಶಿನದ ಕಲೆ ಉಳಿದಿದ್ದರೆ ಬ್ಲೀಚ್ ಹುಡುಕಬೇಡಿ. ಸೋಪು ಹಾಕಿ ಒಗೆದು, ಕಲೆ ಮೇಲೆ ಬರುವಂತೆ ಒದ್ದೆ ಬಟ್ಟೆಯನ್ನೇ ಬಿಸಿಲಿಗೆ ಹರವಿ. ಅರಿಶಿನಕ್ಕೆ ಹಳದಿ ಕೊಡುವ ಕರ್ಕ್ಯುಮಿನ್ ಬೆಳಕು ತಡೆಯುವುದಿಲ್ಲ, ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಹಳೇ ಕಲೆಯಾದರೆ ಎರಡು ಮೂರು ದಿನ ಬೇಕು. ಸೋಪು ತಾಗಿದಾಗ ಕಲೆ ಇಟ್ಟಿಗೆ ಕೆಂಪಾದರೆ ಗಾಬರಿ ಬೇಡ: ಸೋಪಿನ ಕ್ಷಾರ ತಾಗಿದರೆ ಕರ್ಕ್ಯುಮಿನ್ ಹಾಗೆ ತಿರುಗುತ್ತದೆ, ಎರಡು ಹನಿ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. (ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಕರೆದು ತೋರಿಸಿ, ಆಮ್ಲ, ಕ್ಷಾರ ಗುರುತಿಸುವ ಲಿಟ್ಮಸ್ ಕಾಗದದ ಕೆಲಸವೇ ಇದು.) ಬಣ್ಣದ ಬಟ್ಟೆ, ರೇಷ್ಮೆಗೆ ಮಾತ್ರ ಬೇಡ, ಬಿಸಿಲಿಗೆ ಅವುಗಳ ಬಣ್ಣವೂ ಹೋಗುತ್ತದೆ. ಎಣ್ಣೆ ಜಿಡ್ಡು ಉಳಿದಿದ್ದರೂ, ಮೋಡ ಕವಿದ ಆಷಾಢದಲ್ಲೂ ಇದು ಅಷ್ಟಾಗಿ ಕೆಲಸ ಮಾಡದು.