ವಾಕ್ಯ ತಿರುವಿ ಓದಿದ ಮೇಲೆ ಸಿಎ ಲಾ ಅರ್ಥವಾಯಿತು

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದಿನ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಮೊದಲ ಸಲ ಬರೆದಾಗ ನನಗೆ ಬಿಸಿನೆಸ್ ಲಾದಲ್ಲಿ 31 ಅಂಕ ಬಂತು. ಪಾಸಾಗಲು ಪ್ರತಿ ಪೇಪರಿನಲ್ಲೂ 100ಕ್ಕೆ 40 ಬೇಕು, 4 ಪೇಪರ್ ಸೇರಿ ಶೇ. 50 ಬೇಕು. ಉಳಿದ ಮೂರನ್ನು ದಾಟಿದ್ದೆ. ಆದರೂ ನಾಲ್ಕನ್ನೂ ಮತ್ತೆ ಬರೆಯಬೇಕಾಯಿತು.

ನಾನು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಮಾತ್ರವಲ್ಲ, ಪಿಯುಸಿ ಕಾಮರ್ಸ್ ಕೂಡ ಕನ್ನಡದಲ್ಲೇ ಓದಿದ್ದು. ಸಿಎಯಲ್ಲಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು, ಕನ್ನಡಕ್ಕೆ ಅವಕಾಶ ಇಲ್ಲ. ಅಕೌಂಟ್ಸ್ ನನಗೆ ಅಷ್ಟು ತೊಂದರೆ ಕೊಡಲಿಲ್ಲ. ಡಿಪ್ರಿಸಿಯೇಶನ್ ಅಂದರೆ ಸವಕಳಿ ಅಂತ ಗೊತ್ತಾದರೆ ಸಾಕು, ಸವೆದದ್ದನ್ನು ಲೆಕ್ಕ ಹಾಕುತ್ತಿದ್ದೇವೆ ಅಂತ ಪದವೇ ಹೇಳಿಬಿಡುತ್ತದೆ. ಲೆಕ್ಕದ ಪೇಪರಿಗೂ ಭಾಷೆ ಜಾಸ್ತಿ ಬೇಡ. ಕಷ್ಟ ಇದ್ದದ್ದು ಲಾದಲ್ಲಿ.

ಫೇಲಾದ ಮೇಲೆ ಮೊದಲು ಮಾಡಿದ್ದು ತಪ್ಪು ಕೆಲಸ. ಡಿಕ್ಷನರಿ ಇಟ್ಟುಕೊಂಡು ಇಡೀ ಸ್ಟಡಿ ಮೆಟೀರಿಯಲ್ಲನ್ನು ಕನ್ನಡಕ್ಕೆ ಬರೆಯಲು ಕೂತೆ. 2 ತಿಂಗಳು ಹೋಯಿತು. ಕನ್ಸಿಡರೇಶನ್ ಅನ್ನುವ ಪದಕ್ಕೆ 'ಪರಿಗಣನೆ' ಅಂತ ಬರೆದುಕೊಂಡಿದ್ದೆ. ಪರಿಗಣನೆ ಇಲ್ಲದ ಒಪ್ಪಂದ ನಡೆಯುವುದಿಲ್ಲ ಅಂದರೆ ಏನು ಅರ್ಥ? ಎಷ್ಟು ಸಲ ಓದಿದರೂ ತಲೆಗೆ ಹೋಗಲಿಲ್ಲ. ಕಾನೂನಿನಲ್ಲಿ ಅದು 'ಪ್ರತಿಫಲ'. ನಾನು ಕೊಟ್ಟದ್ದಕ್ಕೆ ನೀವು ಕೊಡುವುದು. ಅದು ಗೊತ್ತಾದ ದಿನ ಆ ನೋಟ್ಸ್ ಬರೆಯುವುದನ್ನು ನಿಲ್ಲಿಸಿದೆ.

ಆಮೇಲೆ ನಿಧಾನವಾಗಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪದಗಳು ಗೊತ್ತಿದ್ದ ವಾಕ್ಯಗಳಲ್ಲೂ ನಾನು ಎಡವುತ್ತಿದ್ದೆ. 1872ರ ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 25 ತೆಗೆದುಕೊಳ್ಳಿ. ಪ್ರತಿಫಲ ಇಲ್ಲದ ಒಪ್ಪಂದ ವಾಯ್ಡ್, ಅಂದರೆ ನಡೆಯದ್ದು, ಅಂತ ಮೊದಲೇ ತೀರ್ಪು ಹೇಳಿಬಿಡುತ್ತದೆ. 'ಅನ್‌ಲೆಸ್' (ಹಾಗಲ್ಲದಿದ್ದರೆ) ಬರುವುದು ಆಮೇಲೆ. ಅದರ ಹಿಂದೆ ಉದ್ದದ ಷರತ್ತುಗಳು. ನಾವು ಕನ್ನಡದಲ್ಲಿ ಹಾಗೆ ಮಾತಾಡುವುದಿಲ್ಲ, ಅಲ್ವಾ? ಮಳೆ ಬಂದರೆ, ಬಸ್ ಸಿಕ್ಕದಿದ್ದರೆ ಅಂತ ಷರತ್ತು ಮೊದಲು ಹೇಳಿ, ಆಗುತ್ತದೋ ಇಲ್ಲವೋ ಅನ್ನುವುದನ್ನು ಕೊನೆಗೆ ಹೇಳುತ್ತೇವೆ. ನನ್ನ ತಲೆ ಆ ಕ್ರಮದಲ್ಲೇ ಕೇಳಿಸಿಕೊಳ್ಳುತ್ತಿತ್ತು. ಇಂಗ್ಲಿಷ್ ವಾಕ್ಯದ ಮೊದಲ ತುಂಡು ಹಿಡಿದುಕೊಂಡು ಬಾಲವನ್ನು ಬಿಟ್ಟುಬಿಡುತ್ತಿದ್ದೆ. ಬಾಲದಲ್ಲೇ ಪ್ರಶ್ನೆ ಇರುತ್ತಿತ್ತು.

ಅಲ್ಲಿಂದ ಸೆಕ್ಷನ್ ಓದುವಾಗ ಪೆನ್ಸಿಲ್ ಹಿಡಿದೆ. ಅನ್‌ಲೆಸ್, ಪ್ರೊವೈಡೆಡ್ ದಟ್, ಸಬ್ಜೆಕ್ಟ್ ಟು ಥರದ ಷರತ್ತಿನ ಪದ ಎಲ್ಲಿದ್ದರೂ ಸುತ್ತು ಹಾಕುತ್ತಿದ್ದೆ. ಆ ಷರತ್ತನ್ನು ಮುಂದೆ ತಂದು ಇಡೀ ವಾಕ್ಯವನ್ನು ಬಾಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. 'ಹತ್ತಿರದ ಸಂಬಂಧಿಕರು ಪ್ರೀತಿಯಿಂದ, ಬರವಣಿಗೆಯಲ್ಲಿ, ರಿಜಿಸ್ಟರ್ ಮಾಡಿಸಿ ಕೊಟ್ಟ ಮಾತಾದರೆ ಪ್ರತಿಫಲ ಇಲ್ಲದಿದ್ದರೂ ನಡೆಯುತ್ತದೆ.' ಅಷ್ಟೇ. ಅದನ್ನು ಬರೆದಿಡುತ್ತಿರಲಿಲ್ಲ. ಅಮ್ಮ ಕಣದಲ್ಲಿ ಕಾಫಿ ಹರವುವಾಗ ಪಕ್ಕದಲ್ಲಿ ನಿಂತು ಹೇಳುತ್ತಿದ್ದೆ. ಅಮ್ಮನಿಗೆ ಅರ್ಥವಾಗದಿದ್ದರೆ ನನಗೂ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಒಂದು ದಿನ 1930ರ ಸೇಲ್ ಆಫ್ ಗೂಡ್ಸ್ ಆಕ್ಟ್ ಹೇಳುತ್ತಿದ್ದೆ. ನೆಲಕ್ಕೆ ಅಂಟಿಕೊಂಡ ಬೆಳೆಯನ್ನು ಮಾರುವ ಮೊದಲು ಅಥವಾ ಕರಾರಿನ ಪ್ರಕಾರ ಕಿತ್ತುಕೊಡಲು ಒಪ್ಪಿದ್ದರೆ ಅದು 'ಗೂಡ್ಸ್' (ಸರಕು) ಅನ್ನುತ್ತದೆ ಸೆಕ್ಷನ್ 2(7). 'ನಾವು ಬಳ್ಳಿಯಲ್ಲಿರುವ ಮೆಣಸನ್ನು ಚೇಣಿಗೆ ಕೊಡ್ತೀವಲ್ಲ, ಹಾಗಾ?' ಅಂತ ಅಮ್ಮ ಕೇಳಿದರು. ಚೇಣಿ ಅಂದರೆ ಬಳ್ಳಿಯಲ್ಲಿರುವ ಫಸಲನ್ನೇ ಗುತ್ತಿಗೆಗೆ ಮಾರುವುದು. ಹೌದು, ಹಾಗೇ. ಆ ಸೆಕ್ಷನ್ನನ್ನು ಮತ್ತೆ ಬಾಯಿಪಾಠ ಮಾಡಬೇಕಾಗಲಿಲ್ಲ.

ಅರ್ಥ ಕನ್ನಡದಲ್ಲಿ ಆದರೂ ಬರೆಯುವುದು ಇಂಗ್ಲಿಷಿನಲ್ಲೇ. ಹೇಳಿ ಮುಗಿಸಿದ ಕೂಡಲೇ ಒಳಗೆ ಬಂದು ಅದೇ ಸೆಕ್ಷನ್ ಮೇಲೆ ಒಂದು ಉತ್ತರ ಬರೆಯುತ್ತಿದ್ದೆ. ದಿನಕ್ಕೆ ಒಂದೇ, ಆದರೆ ತಪ್ಪಿಸಲಿಲ್ಲ. ಸಿಎ ಇನ್‌ಸ್ಟಿಟ್ಯೂಟ್ ಹೊರತರುವ ಸಜೆಸ್ಟೆಡ್ ಆನ್ಸರ್ಸ್ (ಮಾದರಿ ಉತ್ತರಗಳು) ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದೆ. ಅಲ್ಲಿ ಚಂದದ ಇಂಗ್ಲಿಷ್ ಏನೂ ಇಲ್ಲ. ಕಾನೂನು ಏನು ಹೇಳುತ್ತದೆ, ಈ ಕೇಸಿನಲ್ಲಿ ಏನಾಗಿದೆ, ಆದ್ದರಿಂದ ಏನು. ನಾನೂ ಸಣ್ಣ ಸಣ್ಣ ವಾಕ್ಯಗಳಲ್ಲೇ ಬರೆದೆ. ಒಂದು ವಾಕ್ಯಕ್ಕೆ ಒಂದೇ ವಿಷಯ. ವಾಯ್ಡ್, ವಾಯ್ಡಬಲ್, ಕೊಎರ್ಷನ್ ಥರದ ಪದಗಳನ್ನು ಮಾತ್ರ ಸ್ಪೆಲಿಂಗ್ ಸಮೇತ ಕಲಿತೆ, ಏಕೆಂದರೆ ಅವನ್ನು ಬದಲಾಯಿಸಿದರೆ ಉತ್ತರವೇ ಬದಲಾಗುತ್ತದೆ. ಬಲವಂತ ಮಾಡಿ ಒಪ್ಪಿಸಿದ ಕರಾರು ವಾಯ್ಡ್ ಅಲ್ಲ, ವಾಯ್ಡಬಲ್. ಬೇಕೋ ಬೇಡವೋ ಅನ್ನುವುದು ಬಲವಂತಕ್ಕೆ ಒಳಗಾದವರ ಕೈಯಲ್ಲಿದೆ.

ಪರೀಕ್ಷೆ ದಿನ ಬರೆಯುವ ಮೊದಲು ಪ್ರಶ್ನೆಪತ್ರಿಕೆ ಓದಲು 15 ನಿಮಿಷ ಕೊಡುತ್ತಾರೆ. ನಮ್ಮಂಥವರಿಗೆ ಅದು ತುಂಬಾ ದೊಡ್ಡ ಸಮಯ. ಸುಮ್ನೆ ಕಣ್ಣಾಡಿಸದೆ, ಪ್ರತಿ ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ, ಮನಸ್ಸಿನಲ್ಲೇ ಕನ್ನಡಕ್ಕೆ ತಿರುವಿಕೊಂಡೆ. ಎರಡನೇ ಸಲ ಲಾದಲ್ಲಿ 57 ಬಂತು.

ಈಗ ಸಿಎಯ ಎರಡನೇ ಹಂತ ಇಂಟರ್ ಓದುತ್ತಿದ್ದೇನೆ. ಟ್ಯಾಕ್ಸ್ ಪುಸ್ತಕದಲ್ಲಿ 1962ರ ಆದಾಯ ತೆರಿಗೆ ನಿಯಮಗಳ ರೂಲ್ 7ಬಿ ಬಂದಾಗ ಅಪ್ಪನನ್ನೇ ಕರೆದು ಕೂರಿಸಿಕೊಂಡೆ. ಕಾಫಿ ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಹದ) ಮಾಡಿ ಮಾರಿದರೆ ಆದಾಯದಲ್ಲಿ ಶೇ. 25 ತೆರಿಗೆ ಹಾಕುವ ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಅಂತ ಅದರಲ್ಲಿತ್ತು. ಅಪ್ಪ ಎರಡು ಸಲ ಹೇಳಿಸಿಕೊಂಡರು. ನಿನ್ನೆ ಕಂಪನಿ ಲಾ. ಕಂಪನಿಯ ಷೇರುದಾರರ ಸಭೆಯ ನೋಟಿಸಿಗೆ 'ನಾಟ್ ಲೆಸ್ ದ್ಯಾನ್' 21 ಕ್ಲಿಯರ್ ಡೇಸ್ ಅಂತ ಸೆಕ್ಷನ್ 101ರಲ್ಲಿದೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ: ಕಳಿಸಿದ ದಿನ, ಸಭೆಯ ದಿನ ಎರಡೂ ಬಿಟ್ಟು, ಕನಿಷ್ಠ 21.