ಪಾಣಿಪಂಚೆಯ ಅಂಚೇ ಚೀಲದ ಬಾಯಿ

ಹಳೆಯ ಹತ್ತಿ ಪಾಣಿಪಂಚೆಯಿಂದ ತರಕಾರಿ ಚೀಲ ಹೊಲಿಯುವವರು ಬಟ್ಟೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅಡ್ಡಲಾಗಿ ಕತ್ತರಿಸಿ, ಎರಡೂ ಅಂಚುಗಳು ಚೀಲದ ಬಾಯಿಗೆ ಬರುವಂತೆ ನಡುವೆ ಮಡಿಸಬೇಕು. 30 ಇಂಚು ಅಗಲದ ಬಟ್ಟೆಯಲ್ಲಿ 15 ಇಂಚು ಆಳದ ಚೀಲವಾಗುತ್ತದೆ. ಅಂಚಿನಲ್ಲಿ ಹೊಕ್ಕಿನ ನೂಲು (ಅಡ್ಡಲಾಗಿ ನೇಯುವ ಎಳೆ) ತುಂಡಾಗದೆ ತಿರುಗಿ ನೇಯ್ಗೆಯೊಳಗೇ ಸೇರುವುದರಿಂದ ಅಲ್ಲಿ ಎಳೆ ಬಿಡುವುದಿಲ್ಲ, ಬಾಯಿಯನ್ನು ಮಡಿಸಿ ಹೊಲಿಯುವ ಅಗತ್ಯವೂ ಇಲ್ಲ. ಹಿಡಿಕೆಯ ಪಟ್ಟಿಯನ್ನು ಮಾತ್ರ ಅಂಚಿನ ಉದ್ದಕ್ಕೇ ತೆಗೆಯಿರಿ, ಏಕೆಂದರೆ ಓರೆಯಾಗಿ ಕತ್ತರಿಸಿದ ಪಟ್ಟಿ ಭಾರಕ್ಕೆ ಜಗ್ಗಿ ಜೋತುಬೀಳುತ್ತದೆ. ಉಳಿದ ಎರಡು ಪಕ್ಕಗಳನ್ನು ಮೊದಲು ಬಟ್ಟೆಯ ಹೊರಮೈ ಮೇಲಿರುವಂತೆ ಕಾಲಿಂಚು ಬಿಟ್ಟು ಹೊಲಿದು, ಹೊರಬಂದ ಎಳೆಗಳನ್ನು ಕತ್ತರಿಸಿ, ಚೀಲವನ್ನು ಒಳಹೊರಗು ಮಾಡಿ ಅರ್ಧ ಇಂಚು ಬಿಟ್ಟು ಮತ್ತೊಮ್ಮೆ ಹೊಲಿದರೆ ಬಿಡಿ ನೂಲುಗಳೆಲ್ಲ ಒಳಗೇ ಮುಚ್ಚಿಹೋಗುತ್ತವೆ. ಕೊತ್ತಂಬರಿಯ ಬೇರಿಗೆ ನೂಲು ಸುತ್ತಿಕೊಳ್ಳುವ ಕಾಟ ತಪ್ಪುವುದು ನನಗಂತೂ ದೊಡ್ಡ ಸಮಾಧಾನ. ಬೆಳಕಿಗೆ ಹಿಡಿದಾಗ ಜಾಲರಿಯಂತೆ ಕಾಣುವಷ್ಟು ಸವೆದ ಬಟ್ಟೆಗೆ ಈ ಕ್ರಮ ನಡೆಯದು, ಅದರಲ್ಲಿ ಹೊಲಿಗೆ ಗಟ್ಟಿಯಾಗಿ ನಿಂತರೂ ಹೊಲಿಗೆಯ ಪಕ್ಕದಲ್ಲೇ ಬಟ್ಟೆ ಹರಿಯುತ್ತದೆ. ಜೀನ್ಸ್‌ನಂತಹ ದಪ್ಪ ಬಟ್ಟೆಯಲ್ಲಿ ಎರಡನೆಯ ಹೊಲಿಗೆಗೆ ನಾಲ್ಕು ಪದರಗಳು ಒಟ್ಟಾಗಿ ಮನೆಯ ಯಂತ್ರದ ಸೂಜಿ ಮುರಿಯುವ ಸಂಭವವಿದೆ.